ಮಕ್ಕಳೊಂದಿಗೆ ದ್ವೀಪಕ್ಕೆ ಹೊರಡುವ ಮುನ್ನ

ಬೇಸಿಗೆ ರಜೆ ಹತ್ತಿರವಾದಂತೆ ಎಷ್ಟೋ ಮನೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಅಂಡಮಾನಿಗೋ ಲಕ್ಷದ್ವೀಪಕ್ಕೋ, ಕೈಯಲ್ಲಿ ಇನ್ನಷ್ಟು ಕಾಸಿದ್ದವರು ಮಾರಿಷಸ್ಸಿಗೋ ಹೊರಟಿರುತ್ತಾರೆ. ಜೊತೆಗೆ ಎರಡು ವರ್ಷದ ಕೂಸಿದ್ದರಂತೂ ಪಟ್ಟಿ ಉದ್ದವಾಗುತ್ತದೆ. ದಾರಿಯಲ್ಲಿ ಚಳಿಯಾದೀತು, ಒಂದು ಸ್ವೆಟರ್ ಇರಲಿ. ಕಂಡಕಂಡಲ್ಲಿ ನೀರು ಕುಡಿಸಬೇಡಿ. ಓಆರ್‌ಎಸ್ ಪೊಟ್ಟಣ ಕೈಚೀಲದಲ್ಲೇ ಇರಲಿ. ಹಾಲಿನ ಪುಡಿ ಮರೆಯಬೇಡಿ. ದಡಾರದ ಲಸಿಕೆ ಹಾಕಿಸಿದ್ದೀರಿ ತಾನೆ? ಯಾವ ತಿಂಗಳು ಹೋಗುತ್ತೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ.

ಇವೆಲ್ಲ ಅಜ್ಜಿಯರ ಕಾಲದಿಂದ ಬಂದ ಸಾಮಾನ್ಯ ಜ್ಞಾನವೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಈ ಪಟ್ಟಿಯ ಬಹುಪಾಲು ಸಾಲುಗಳಿಗೆ ಹತ್ತೊಂಬತ್ತನೇ ಶತಮಾನದ ಹಡಗುಗಳಲ್ಲಿ ಒಂದೊಂದು ಹಿಂದಿನ ಕತೆಯಿದೆ. ಕಲ್ಕತ್ತಾ ಮತ್ತು ಮದರಾಸಿನಿಂದ ಕಬ್ಬಿನ ದ್ವೀಪಗಳಿಗೆ ಹೊರಟ ಆ ಹಡಗುಗಳಲ್ಲಿ ಅಪ್ಪ ಅಮ್ಮಂದಿರ ಕಂಕುಳಲ್ಲಿ ಸಾವಿರಾರು ಮಕ್ಕಳಿದ್ದರು. ಆ ಮಕ್ಕಳು ಸತ್ತ ಮೇಲೆ ಒಂದೊಂದಾಗಿ ನಿಯಮಗಳು ಬಂದವು. ನಮ್ಮ ಪಟ್ಟಿಯನ್ನು ಅವರ ಪ್ರಯಾಣದ ಪಕ್ಕದಲ್ಲಿಟ್ಟು ಓದುವುದು ಈ ಬರಹದ ಉದ್ದೇಶ.

ಮೊದಲು ಸುಖದ ಪ್ರಯಾಣವೊಂದನ್ನು ನೋಡೋಣ. 1876ರ ಜುಲೈನಲ್ಲಿ ಇಂಗ್ಲೆಂಡಿನಿಂದ 'ಸನ್‌ಬೀಮ್' ಎಂಬ ವಿಹಾರನೌಕೆ ಹೊರಟಿತು. ಅದರ ಒಡೆಯ ಥಾಮಸ್ ಬ್ರಾಸಿ. ರೈಲುಮಾರ್ಗಗಳ ಗುತ್ತಿಗೆಯಿಂದ ಅಪಾರ ಹಣ ಮಾಡಿದವನ ಮಗ. ಅವನ ಹೆಂಡತಿ ಆನಿ ಬ್ರಾಸಿ ತನ್ನ ನಾಲ್ಕು ಮಕ್ಕಳನ್ನೂ ಕರೆದುಕೊಂಡು ಹೊರಟಿದ್ದಳು. ಕೊನೆಯದಿನ್ನೂ ಅಂಬೆಗಾಲಿಡುವ ವಯಸ್ಸಿನದು. ನಾವಿಕರು, ಅಡಿಗೆಯವರು, ದಾದಿ, ಅತಿಥಿಗಳು ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಜನ. ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ತಾಹಿತಿ, ಹವಾಯಿ, ಜಪಾನ್, ಸಿಂಹಳಗಳನ್ನು ಕಂಡು ಹನ್ನೊಂದು ತಿಂಗಳ ಮೇಲೆ ಅವರು ಊರು ಸೇರಿದರು. 1878ರಲ್ಲಿ ಆನಿಯ ಪುಸ್ತಕ 'ಎ ವಾಯೇಜ್ ಇನ್ ದ ಸನ್‌ಬೀಮ್' ಪ್ರಕಟವಾಯಿತು. ಅದು ಮುದ್ರಣದ ಮೇಲೆ ಮುದ್ರಣ ಕಂಡಿತು, ಹಲವು ಭಾಷೆಗಳಿಗೆ ಹೋಯಿತು. ಮಕ್ಕಳು ಆ ಪುಸ್ತಕದ ತುಂಬ ತಮ್ಮ ತಮ್ಮ ಹೆಸರಿನಲ್ಲೇ ಓಡಾಡುತ್ತಾರೆ. ಮಕ್ಕಳೊಂದಿಗೆ ದ್ವೀಪಗಳನ್ನು ನೋಡಿಬರುವುದು ಸಾಧ್ಯ ಮತ್ತು ಸಂತೋಷದ ಕೆಲಸ ಎಂಬ ನಂಬಿಕೆಯನ್ನು ಇಂಗ್ಲಿಷ್ ಓದುಗರಲ್ಲಿ ಬಿತ್ತಿದ ಪುಸ್ತಕಗಳಲ್ಲಿ ಇದೂ ಒಂದು.

ಅದೇ ವರ್ಷಗಳಲ್ಲಿ, ಅದೇ ಸಮುದ್ರಗಳಲ್ಲಿ, ಬೇರೆ ಹಡಗುಗಳೂ ಓಡಾಡುತ್ತಿದ್ದವು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟದ ಮಾಲೀಕರಿಗೆ ಅಗ್ಗದ ಕೈಗಳು ಬೇಕಾದವು. 1834ರ ನವೆಂಬರ್ 2ರಂದು 'ಅಟ್ಲಾಸ್' ಹಡಗು 36 ಮಂದಿಯನ್ನು ಕಲ್ಕತ್ತಾದಿಂದ ಮಾರಿಷಸ್ಸಿಗೆ ತಲುಪಿಸಿತು. ಅಲ್ಲಿಂದ ಶುರುವಾದ ಕರಾರು ಕೂಲಿಯ ಪದ್ಧತಿ ಇಪ್ಪತ್ತನೇ ಶತಮಾನದ ಎರಡನೇ ದಶಕದವರೆಗೂ ನಡೆಯಿತು. ಮಾರಿಷಸ್ ಒಂದಕ್ಕೇ ಬಂದಿಳಿದವರು ಐದು ಲಕ್ಷಕ್ಕೆ ಹತ್ತಿರ. 1845ರಲ್ಲಿ ಟ್ರಿನಿಡಾಡಿಗೆ, 1879ರಲ್ಲಿ ಫಿಜಿಗೆ ಮೊದಲ ಹಡಗುಗಳು ಹೋದವು. ಕರಾರುಪತ್ರದ 'ಅಗ್ರಿಮೆಂಟ್' ಎಂಬ ಮಾತು ಜನರ ಬಾಯಲ್ಲಿ 'ಗಿರ್ಮಿಟ್' ಆಯಿತು, ಸಹಿ ಹಾಕಿ ಹೋದವರು 'ಗಿರ್ಮಿಟಿಯಾ'ಗಳಾದರು.

ತೋಟದ ಮಾಲೀಕರಿಗೆ ಬೇಕಾಗಿದ್ದವರು ಒಂಟಿ ಗಂಡಸರು. ಹೆಂಗಸರು ಸಾಕಷ್ಟು ಸಂಖ್ಯೆಯಲ್ಲಿ ಹೋಗಲೇಬೇಕೆಂದು ಭಾರತ ಸರ್ಕಾರ ನಿಯಮ ಮಾಡಿತು. ನೂರು ಗಂಡಸರಿಗೆ ನಲವತ್ತು ಹೆಂಗಸರು ಎಂಬ ಲೆಕ್ಕ ಬಂತು. ಹೆಂಗಸರು ಬಂದ ಮೇಲೆ ಮಕ್ಕಳೂ ಬಂದರು. ಅವರನ್ನು ಹೇಗೆ ಎಣಿಸುವುದು ಎಂಬ ಪ್ರಶ್ನೆ ಹುಟ್ಟಿದ್ದು ಆಗ. ವಯಸ್ಕರಿಗೆ ಕೆಳಮಾಳಿಗೆಯಲ್ಲಿ 12 ಚದರಡಿ ಜಾಗ, ಅಂದರೆ ಆರಡಿ ಉದ್ದ ಎರಡಡಿ ಅಗಲ. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳು ಸೇರಿದರೆ ಒಬ್ಬ ವಯಸ್ಕ. ಅವರ ಪಡಿಯೂ ಅರ್ಧ. ಎದೆಹಾಲಿನ ಕೂಸು ಬಹುತೇಕ ಲೆಕ್ಕಕ್ಕೇ ಸಿಗದ ಪ್ರಯಾಣಿಕ. ಹಡಗಿನ ಮುಂಭಾಗದಲ್ಲಿ ಒಂಟಿ ಗಂಡಸರು, ಹಿಂಭಾಗದಲ್ಲಿ ಒಂಟಿ ಹೆಂಗಸರು, ನಡುವೆ ಸಂಸಾರಸ್ಥರು. ಆ ನಡುಭಾಗದ ಹಲಗೆಗಳ ಮೇಲೆ ಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಳೆದರು. ಹಾಯಿಹಡಗಿನಲ್ಲಿ ಕಲ್ಕತ್ತಾದಿಂದ ಮಾರಿಷಸ್ಸಿಗೆ ಒಂದೂವರೆ ತಿಂಗಳ ಆಸುಪಾಸು, ಫಿಜಿಗೆ ಎರಡೂವರೆ ತಿಂಗಳು, ಟ್ರಿನಿಡಾಡಿಗೆ ಮೂರರಿಂದ ನಾಲ್ಕು ತಿಂಗಳು.

ಈಗ ಪಟ್ಟಿಯ ಮೊದಲ ಸಾಲಿಗೆ ಬರೋಣ: ಸ್ವೆಟರ್.

ಬಿಸಿಲಿನ ದ್ವೀಪಕ್ಕೆ ಹೊರಟವರಿಗೆ ಉಣ್ಣೆಬಟ್ಟೆ ಏಕೆ? ಕಲ್ಕತ್ತಾದಿಂದ ಟ್ರಿನಿಡಾಡಿಗೆ ಹೋಗುವ ಹಡಗು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಬೇಕಿತ್ತು. ಫಿಜಿಗೆ ಹೋಗುವ ಹಾಯಿಹಡಗುಗಳು ಗಾಳಿಯನ್ನು ಹುಡುಕಿಕೊಂಡು ಆಸ್ಟ್ರೇಲಿಯಕ್ಕೂ ಕೆಳಗೆ, ದಕ್ಷಿಣದ ತಣ್ಣನೆಯ ಕಡಲಿಗೆ ಇಳಿಯುತ್ತಿದ್ದವು. ಗಂಗೆಯ ಬಯಲಿನಲ್ಲಿ ಹುಟ್ಟಿದ ಕೂಸಿಗೆ ಒದ್ದೆ ಹಲಗೆ, ಕೊರೆಯುವ ಗಾಳಿ. ಎದೆಕಫ ಕಟ್ಟಿ, ಶ್ವಾಸಕೋಶಕ್ಕೆ ಉರಿಯೂತ ತಗುಲಿ ಮಕ್ಕಳು ಸಾಯುತ್ತಿದ್ದರು. ಕಾಲಕ್ರಮದಲ್ಲಿ ಪ್ರತಿಯೊಬ್ಬರಿಗೂ ಕಂಬಳಿ, ಗಂಡಸರಿಗೆ ಉಣ್ಣೆಯ ಅಂಗಿ, ಹೆಂಗಸರಿಗೆ ಫ್ಲಾನೆಲ್ ಕುಪ್ಪಸ ಕೊಡುವ ಕ್ರಮ ಬಂತು. ಕೇಪಿನ ಚಳಿಗಾಲಕ್ಕೆ ಸಿಕ್ಕಿಕೊಳ್ಳದಂತೆ ಹಡಗುಗಳು ವರ್ಷದ ಇಂಥ ತಿಂಗಳುಗಳಲ್ಲೇ ಹೊರಡಬೇಕು ಎಂಬ ಕಾನೂನೂ ಬಂತು. ಯಾವ ತಿಂಗಳು ಹೋಗುತ್ತೀರಿ ಎಂದು ಇಂದು ಗೆಳೆಯರು ಕೇಳುವ ಪ್ರಶ್ನೆ ಒಂದು ಕಾಲಕ್ಕೆ ಶಾಸನದ ಕಲಮಾಗಿತ್ತು.

ಎರಡನೆಯದು ನೀರು. ಹೂಗ್ಲಿ ನದಿಯ ನೀರನ್ನೇ ತುಂಬಿಕೊಂಡು ಹಡಗುಗಳು ಹೊರಡುತ್ತಿದ್ದ ಕಾಲವದು. ಅದರೊಂದಿಗೆ ಕಾಲರಾ ಕೂಡ ಹಡಗೇರುತ್ತಿತ್ತು. ಲಂಡನ್ನಿನಲ್ಲಿ ಜಾನ್ ಸ್ನೋ ಕಾಲರಾಕ್ಕೂ ಕುಡಿಯುವ ನೀರಿಗೂ ಇರುವ ನಂಟನ್ನು 1854ರಲ್ಲೇ ತೋರಿಸಿದ್ದರೂ ಬಹುಪಾಲು ವೈದ್ಯರು ಇನ್ನೂ ಕೆಟ್ಟ ಗಾಳಿಯನ್ನೇ ದೂರುತ್ತಿದ್ದರು. 1856ರಲ್ಲಿ ಎರಡು ವಲಸೆ ಹಡಗುಗಳು ಕಾಲರಾ ಹೊತ್ತು ಮಾರಿಷಸ್ಸಿನ ಹತ್ತಿರ ಬಂದವು. ರೋಗ ಊರಿಗೆ ಹರಡೀತೆಂದು ಹೆದರಿ ಅದರ ಪ್ರಯಾಣಿಕರನ್ನು ಗೇಬ್ರಿಯಲ್ ಎಂಬ ಪುಟ್ಟ ದ್ವೀಪದಲ್ಲಿ ಇಳಿಸಲಾಯಿತು. ಅಲ್ಲಿ ಸರಿಯಾದ ಸೂರಿರಲಿಲ್ಲ, ಆರೈಕೆ ಇರಲಿಲ್ಲ. ನೂರಾರು ಜನ ಅಲ್ಲೇ ಸತ್ತರು. ಸುದ್ದಿ ಕಲ್ಕತ್ತಾ ತಲುಪಿದಾಗ ಭಾರತ ಸರ್ಕಾರ ಮಾರಿಷಸ್ಸಿಗೆ ಜನರನ್ನು ಕಳಿಸುವುದನ್ನೇ ಕೆಲಕಾಲ ನಿಲ್ಲಿಸಿತು. ಆಮೇಲೆ ಪಕ್ಕದ ಫ್ಲಾಟ್ ದ್ವೀಪದಲ್ಲಿ ಕ್ವಾರಂಟೈನ್ ಕಟ್ಟಡಗಳೆದ್ದವು. ನೊಬೆಲ್ ಪಡೆದ ಫ್ರೆಂಚ್ ಲೇಖಕ ಲ ಕ್ಲೆಜಿಯೊ 1995ರ ತಮ್ಮ ಕಾದಂಬರಿ 'ಲಾ ಕಾರಂತೇನ್' ಅನ್ನು ಕಟ್ಟಿದ್ದು ಈ ದ್ವೀಪದ ಸುತ್ತಲೇ.

1856-57ರ ಹಂಗಾಮಿನಲ್ಲಿ ಕಲ್ಕತ್ತಾದಿಂದ ಕೆರಿಬಿಯನ್ ದ್ವೀಪಗಳ ಕಡೆಗೆ ಹೋದ ಹಡಗುಗಳಲ್ಲಿ ನೂರಕ್ಕೆ ಸುಮಾರು 17 ಜನ ದಾರಿಯಲ್ಲೇ ತೀರಿಕೊಂಡರು. ವಿಚಾರಣೆಗೆ ನೇಮಕವಾದವರು ಬಂಗಾಳದ ವೈದ್ಯಾಧಿಕಾರಿ ಎಫ್. ಜೆ. ಮೋವಾಟ್. ಈ ಹೆಸರನ್ನು ನಾವು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ಬಂಡಾಯದ ಕೈದಿಗಳನ್ನು ಇಡಲು ಅಂಡಮಾನಿನಲ್ಲಿ ಜಾಗ ಹುಡುಕಲು ಹೋದ ಸಮಿತಿಯ ಮುಖ್ಯಸ್ಥರೂ ಇವರೇ. ಪೋರ್ಟ್ ಬ್ಲೇರ್ ಇವರ ಆಯ್ಕೆ. ಕನ್ನಡದಲ್ಲಿ ನಾವು ಇಂದಿಗೂ 'ಕರಿನೀರಿನ ಶಿಕ್ಷೆ' ಎನ್ನುತ್ತೇವಲ್ಲ, ಆ ಮಾತಿಗೆ ನೆಲ ಗುರುತಿಸಿಕೊಟ್ಟವರು. ಕೈದಿಯಾಗಿ ಹೋಗುವ ದ್ವೀಪವನ್ನೂ ಕೂಲಿಯಾಗಿ ಹೋಗುವ ಹಡಗನ್ನೂ ಒಂದೇ ಕೈ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಪರೀಕ್ಷಿಸಿತು.

1858ರಲ್ಲಿ ಟ್ರಿನಿಡಾಡಿಗೆ ಹೋದ 'ಸಾಲ್ಸೆಟ್' ಹಡಗಿನ ಕಪ್ತಾನ ಸ್ವಿಂಟನ್ ಬರೆದಿಟ್ಟ ದಿನಚರಿ ಮರುವರ್ಷ ಪ್ರಕಟವಾಯಿತು. ಹಡಗು ಹತ್ತಿದವರು ಮುನ್ನೂರಕ್ಕೂ ಹೆಚ್ಚು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ದಡ ಕಾಣಲಿಲ್ಲ. ಗಾಳಿ, ದಿಕ್ಕು, ಹವೆಯ ವಿವರಗಳ ನಡುವೆ ಇಂದು ಒಂದು ಮಗು ಸತ್ತಿತು ಎಂಬಂಥ ಚಿಕ್ಕ ಚಿಕ್ಕ ನಮೂದುಗಳು ಬರುತ್ತವೆ. ಹೆಸರುಗಳಿಲ್ಲ. ಕಪ್ತಾನನ ಹೆಂಡತಿ ಜೇನ್ ಸ್ವಿಂಟನ್ ಕೂಡ ಆ ಹಡಗಿನಲ್ಲಿದ್ದಳು. ದಿನಚರಿಗೆ ತನ್ನ ಮಾತುಗಳನ್ನು ಸೇರಿಸಿ, ಈ ವಲಸೆಯ ಏರ್ಪಾಟನ್ನೇ ಆಕ್ಷೇಪಿಸಿ ಅದನ್ನು ಬೆಳಕಿಗೆ ತಂದವಳು ಆಕೆ.

ಕೂಲಿಯವರ ಪಡಿಯ ಪಟ್ಟಿಯಲ್ಲಿ ಅಕ್ಕಿ, ಬೇಳೆ, ತುಪ್ಪ, ಹುಣಸೆ, ಅರಿಸಿನ, ಒಣಮೀನುಗಳ ಜೊತೆಗೆ ಉಪ್ಪೂ ಇರುತ್ತಿತ್ತು. ಬಿರುಗಾಳಿಯಲ್ಲಿ ಒಲೆ ಹೊತ್ತಿಸಲಾಗದ ದಿನಗಳಿಗೆಂದು ಅವಲಕ್ಕಿ, ಬೆಲ್ಲ ಇರುತ್ತಿದ್ದವು. ಹಡಗು ಹೋಗುತ್ತಿದ್ದುದೇ ಸಕ್ಕರೆ ಬೆಳೆಯುವ ದ್ವೀಪಕ್ಕೆ. ಕಾಯಿಸಿದ ನೀರಿಗೆ ಸರಿಯಾದ ಅಳತೆಯಲ್ಲಿ ಉಪ್ಪು, ಸಿಹಿ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಾ ಹೋಗಿದ್ದರೆ ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಬದುಕುತ್ತಿದ್ದರು. ಸಾಮಾನು ಕಣ್ಣೆದುರೇ ಇತ್ತು, ತಿಳಿವಳಿಕೆ ಇರಲಿಲ್ಲ. ಅದು ಬಂದದ್ದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಅದೇ ಬಂಗಾಳದಲ್ಲಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ, ಬನಗಾಂವ್ ಶಿಬಿರದಲ್ಲಿ ನರಕ್ಕೆ ಏರಿಸುವ ದ್ರಾವಣ ಮುಗಿದುಹೋಯಿತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸುವ ಧೈರ್ಯ ಮಾಡಿದರು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಕಲಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕೂ ಕೆಳಗಿಳಿಯಿತು. ನಮ್ಮ ಕೈಚೀಲದ ಓಆರ್‌ಎಸ್ ಪೊಟ್ಟಣಕ್ಕೆ ಇಷ್ಟು ಉದ್ದದ ಇತಿಹಾಸವಿದೆ.

ಮೂರನೆಯದು ಹಾಲು. ಸಮುದ್ರದ ತೊಯ್ದಾಟಕ್ಕೆ ತಾಯಿ ವಾಂತಿ ಮಾಡಿಕೊಂಡು ಮಲಗಿದರೆ, ಜ್ವರ ಬಂದು ಎದೆಹಾಲು ಬತ್ತಿದರೆ, ಕೂಸಿಗೆ ಕೊಡಲು ಹಡಗಿನಲ್ಲಿ ಏನಿತ್ತು? ಮೊದಮೊದಲು ಗಂಜಿ ತಿಳಿಯಷ್ಟೇ. ಡಬ್ಬಿಯಲ್ಲಿ ಕೆಡದೆ ಉಳಿಯುವ ಗಟ್ಟಿಹಾಲಿಗೆ ಅಮೆರಿಕದ ಗೇಲ್ ಬೋರ್ಡನ್ 1856ರಲ್ಲಿ ಪೇಟೆಂಟ್ ಪಡೆದ. ಶತಮಾನದ ಉತ್ತರಾರ್ಧದಲ್ಲಿ ಅಂಥ ಹಾಲು, ಸಬ್ಬಕ್ಕಿ, ಆರಾರೂಟ್ ಹಿಟ್ಟು ಹಡಗಿನ ವೈದ್ಯನ ಕಪಾಟು ಸೇರಿದವು. ಆದರೆ ಅವು ದಿನದ ಪಡಿಯಲ್ಲ, ಔಷಧಿಯ ಸಾಲಿನಲ್ಲಿದ್ದವು. ಯಾವ ಕೂಸಿಗೆ, ಎಷ್ಟು ಎಂದು ವೈದ್ಯ ನಿರ್ಧರಿಸಬೇಕು. ಅವನಿಗೆ ತಾಯಿಯ ಭಾಷೆ ಬರುತ್ತಿರಲಿಲ್ಲ. ಮಾತು ನಡುವಿನ ಒಬ್ಬ ದುಬಾಷಿಯ ಮೂಲಕ ಹಾದುಹೋಗಬೇಕಿತ್ತು.

ನಾಲ್ಕನೆಯದು ದಡಾರ. ಇದಕ್ಕೆ ಸ್ವಲ್ಪ ಸುತ್ತಿ ಬರಬೇಕು. 1874ರ ಅಕ್ಟೋಬರಿನಲ್ಲಿ ಫಿಜಿ ಬ್ರಿಟಿಷರ ಕೈ ಸೇರಿತು. ಅಲ್ಲಿನ ಹಿರಿಯ ನಾಯಕ ಥಾಕೊಂಬಾವ್ ತನ್ನ ಮಕ್ಕಳೊಂದಿಗೆ ಸಿಡ್ನಿ ನೋಡಲು ಹೋದ. ಅಲ್ಲಿ ದಡಾರ ಅಂಟಿತು. 1875ರ ಜನವರಿಯಲ್ಲಿ ಬ್ರಿಟಿಷ್ ಯುದ್ಧನೌಕೆ ಅವರನ್ನು ಹಿಂದಕ್ಕೆ ತಂದಾಗ ರೋಗವೂ ಜೊತೆಗಿಳಿಯಿತು. ಮಾತಾಡಲು ಸೇರಿದ್ದ ದ್ವೀಪದ್ವೀಪಗಳ ನಾಯಕರು ಅದನ್ನು ತಮ್ಮ ತಮ್ಮ ಊರಿಗೆ ಒಯ್ದರು. ಎಂದೂ ದಡಾರ ಕಂಡಿರದ ಜನ. ಕೆಲವೇ ತಿಂಗಳಲ್ಲಿ ಸುಮಾರು 40,000 ಮಂದಿ ಸತ್ತರು. ಅದೇ ವರ್ಷ ಗವರ್ನರ್ ಆಗಿ ಬಂದ ಸರ್ ಆರ್ಥರ್ ಗಾರ್ಡನ್, ಅಳಿದುಳಿದ ಫಿಜಿಯನ್ನರನ್ನು ತೋಟದ ಕೂಲಿಗೆ ದೂಡಬಾರದೆಂದು ನಿಶ್ಚಯಿಸಿದ. ಒಳ್ಳೆಯ ನಿಶ್ಚಯವೇ. ಆದರೆ ಕಬ್ಬಿಗೆ ಕೈ ಬೇಕಲ್ಲ? ಗಾರ್ಡನ್ ಹಿಂದೆ ಟ್ರಿನಿಡಾಡ್ ಮತ್ತು ಮಾರಿಷಸ್‌ಗಳಲ್ಲಿ ಗವರ್ನರ್ ಆಗಿದ್ದವನು. ಭಾರತದಿಂದ ಕೂಲಿಯವರನ್ನು ತರಿಸುವ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. 1879ರ ಮೇ 14ರಂದು 'ಲಿಯೊನಿದಾಸ್' 463 ಜನರನ್ನು ಹೊತ್ತು ಲೆವುಕಾ ತಲುಪಿತು. ಹಡಗಿನಲ್ಲಿ ಕಾಲರಾ, ಸಿಡುಬು ಎರಡೂ ಕಾಣಿಸಿಕೊಂಡಿದ್ದವು. ಹಾಗಾಗಿ ಅವರನ್ನು ಮೊದಲು ಇಳಿಸಿದ್ದು ಕ್ವಾರಂಟೈನಿಗೆ. ಮುಂದೆ ಸುವಾ ಬಂದರಿನ ಎದುರಿನ ನುಕುಲಾವು ಎಂಬ ಪುಟ್ಟ ದ್ವೀಪ ಈ ಕೆಲಸಕ್ಕೇ ಮೀಸಲಾಯಿತು. ದೊಡ್ಡ ದ್ವೀಪಕ್ಕೆ ಬಂದ ಮಕ್ಕಳು ಮೊದಲು ಕಂಡದ್ದು ಇಂಥ ಸಣ್ಣ ದ್ವೀಪಗಳನ್ನು.

ಸಿಡುಬಿಗೆ ಲಸಿಕೆಯಿತ್ತು. ಕಲ್ಕತ್ತಾದ ಡಿಪೊದಲ್ಲಿ ಹತ್ತುವ ಮೊದಲೇ ಅದನ್ನು ಹಾಕುತ್ತಿದ್ದರು. ದಡಾರಕ್ಕೆ ಇರಲಿಲ್ಲ; ಅದರ ಲಸಿಕೆ ಬಳಕೆಗೆ ಬಂದದ್ದು 1963ರಲ್ಲಿ. ಕಿಕ್ಕಿರಿದ ಕೆಳಮಾಳಿಗೆಯಲ್ಲಿ ಒಂದು ಮಗುವಿಗೆ ಬಂದರೆ ಉಳಿದವರಿಗೂ ಹರಡುತ್ತಿತ್ತು. ಹಾಯಿ ಹೋಗಿ ಉಗಿಹಡಗು ಬಂದು, ನೀರು ಬಟ್ಟಿ ಇಳಿಸುವ ಯಂತ್ರ ಬಂದು, ಫಿಜಿಯ ಪ್ರಯಾಣ ಒಂದು ತಿಂಗಳಿಗೆ ಇಳಿದ ಮೇಲೆ ದೊಡ್ಡವರ ಸಾವು ಬಹಳ ಕಡಿಮೆಯಾಯಿತು. ಆಗಲೂ ಹೆಚ್ಚು ಸಾಯುತ್ತಿದ್ದವು ಕೂಸುಗಳೇ.

ಈ ನಿಯಮಗಳನ್ನೆಲ್ಲ ಯಾರು ಬರೆದರು? ವೈದ್ಯರು, ಅಧಿಕಾರಿಗಳು, ಹಡಗಿನ ಕಂಪನಿಗಳು. 1889ರಲ್ಲಿ ಕಲ್ಕತ್ತಾದಲ್ಲಿ ಜೇಮ್ಸ್ ಲೇಯ್ಂಗ್ ಎಂಬ ವೈದ್ಯ ಕೂಲಿಹಡಗಿನ ವೈದ್ಯರಿಗೆಂದೇ ಒಂದು ಕೈಪಿಡಿ ಅಚ್ಚು ಹಾಕಿಸಿದ. ಹಡಗಿನ ವೈದ್ಯನಿಗೆ ಸಂಭಾವನೆ ಸಿಗುತ್ತಿದ್ದುದು ಜೀವಂತವಾಗಿ ದಡ ಮುಟ್ಟಿಸಿದ ತಲೆಗೆ ಇಷ್ಟು ಎಂಬ ಲೆಕ್ಕದಲ್ಲಿ. ಈ ಏರ್ಪಾಟು ಜೀವಗಳನ್ನು ಉಳಿಸಿತು ಎಂಬುದನ್ನು ಅಲ್ಲಗಳೆಯಲಾಗದು. ಅನೇಕ ವೈದ್ಯರು ಮನಸ್ಸಿಟ್ಟು ದುಡಿದಿರಲೂಬಹುದು. ಆದರೆ ಮಗುವಿನ ಜೀವಕ್ಕೆ ಬೆಲೆ ಬಂದದ್ದು ಅದು ಮಗುವೆಂದಲ್ಲ, ಲೆಕ್ಕದ ಪುಸ್ತಕದಲ್ಲಿ ಅದೊಂದು ತಲೆಯೆಂದು. ಮಕ್ಕಳು ಹೆಚ್ಚಿದ್ದರೆ ಸಾವಿನ ಸಂಖ್ಯೆ ಏರುತ್ತದೆ ಎಂದು ಮಕ್ಕಳೊಂದಿಗರನ್ನು ಡಿಪೊದಲ್ಲೇ ಬೇಡವೆನ್ನುವ ಯೋಚನೆಯೂ ಅದೇ ಪುಸ್ತಕದಿಂದ ಹುಟ್ಟಿತು.

ತಾಯಂದಿರನ್ನು ಯಾರೂ ಕೇಳಲಿಲ್ಲ. ಕೂಸಿಗೆ ಏನು ಕುಡಿಸಿದೆ, ರಾತ್ರಿ ಹೇಗೆ ಮಲಗಿಸಿದೆ, ಅದರ ಅಳುವನ್ನು ಏನು ಹೇಳಿ ನಿಲ್ಲಿಸಿದೆ ಎಂಬುದನ್ನು ಬರೆದಿಟ್ಟವರಿಲ್ಲ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆನಿ ಬ್ರಾಸಿಯ ಪುಸ್ತಕ ನಮ್ಮ ಕೈಗೆ ಸಿಗುತ್ತದೆ, ಸಾಲ್ಸೆಟ್ಟಿನ ತಾಯಂದಿರದು ಸಿಗುವುದಿಲ್ಲ. ಆನಿಗೂ ಸಮುದ್ರ ಕರುಣೆ ತೋರಲಿಲ್ಲ ಎನ್ನುವುದನ್ನೂ ಹೇಳಬೇಕು. 1887ರ ಸೆಪ್ಟೆಂಬರಿನಲ್ಲಿ, ಆಸ್ಟ್ರೇಲಿಯದಿಂದ ಮಾರಿಷಸ್ ಕಡೆಗೆ ಬರುತ್ತಿದ್ದ ಅದೇ ಸನ್‌ಬೀಮಿನಲ್ಲಿ ಆಕೆ ಮಲೇರಿಯದಿಂದ ತೀರಿಕೊಂಡಳು. ಹಿಂದೂ ಮಹಾಸಾಗರವೇ ಆಕೆಯ ಸಮಾಧಿ. ಆಕೆ ಸತ್ತ ಜಾಗದ ಅಕ್ಷಾಂಶ ರೇಖಾಂಶಗಳು ದಾಖಲಾಗಿವೆ. ಅದೇ ನೀರಿಗೆ ಇಳಿದ ಕೂಸುಗಳ ಬಗ್ಗೆ ಉಳಿದದ್ದು ಒಂದು ಸಾಲು, ಹಲವೊಮ್ಮೆ ಬರಿಯ ಒಂದು ಅಂಕಿ.

ಆದರೂ ಏನೂ ಉಳಿದಿಲ್ಲವೆಂದಲ್ಲ. 1903ರಲ್ಲಿ ಸುಜಾರಿಯಾ ಎಂಬ ಹೆಂಗಸು ಗರ್ಭಿಣಿಯಾಗಿ, ಒಬ್ಬಳೇ, 'ಕ್ಲೈಡ್' ಎಂಬ ಹಡಗಿನಲ್ಲಿ ಕಲ್ಕತ್ತಾದಿಂದ ಕೆರಿಬಿಯನ್ ತೀರದ ಬ್ರಿಟಿಷ್ ಗಯಾನಕ್ಕೆ ಹೋದಳು. ಮಗ ಹುಟ್ಟಿದ್ದು ಹಡಗಿನಲ್ಲೇ. ಅವಳ ಮರಿಮಗಳು ಗಾಯತ್ರಾ ಬಹಾದೂರ್, ದಾಖಲೆಗಳ ಬೆನ್ನುಹತ್ತಿ 2013ರಲ್ಲಿ 'ಕೂಲಿ ವುಮನ್' ಎಂಬ ಪುಸ್ತಕ ಬರೆದರು. ಒಬ್ಬ ತಾಯಿಯ ಪ್ರಯಾಣ ಹೀಗೆ ನೂರು ವರ್ಷ ತಡವಾಗಿ ಕಾಗದಕ್ಕೆ ಬಂತು.

ಇನ್ನೊಂದು ಉಳಿಕೆ ಒಂದು ಮಾತಿನಲ್ಲಿದೆ. ಒಂದೇ ಹಡಗಿನಲ್ಲಿ ಬಂದವರು ತಮ್ಮನ್ನು 'ಜಹಾಜಿ ಭಾಯಿ', 'ಜಹಾಜಿ ಬಹೆನ್' ಎಂದು ಕರೆದುಕೊಂಡರು. ಜಾತಿ, ಊರು, ಭಾಷೆಗಳನ್ನು ದಾಟಿದ ನಂಟು ಅದು. ಜಹಾಜಿಗಳ ಮಕ್ಕಳು ಪರಸ್ಪರ ಅಣ್ಣತಂಗಿಯರಂತೆ ಎಂದು ಅವರ ನಡುವೆ ಮದುವೆ ಮಾಡುತ್ತಿರಲಿಲ್ಲವಂತೆ. ಊರು ಬಿಟ್ಟ ಮೇಲೆ ಮಗುವಿಗೆ ಅತ್ತೆ, ಮಾವ, ಚಿಕ್ಕಪ್ಪಂದಿರು ಬೇಕಲ್ಲ. ಅವರನ್ನು ಹಡಗಿನ ಹಲಗೆಯ ಮೇಲೇ ಸಂಪಾದಿಸಿಕೊಂಡರು. ಆ ತಾಯಂದಿರು ನಮಗೆ ಬಿಟ್ಟುಹೋದ ಪ್ರವಾಸದ ಸಲಹೆ ಏನಾದರೂ ಇದ್ದರೆ ಇದೊಂದೇ ಇರಬೇಕು: ಪಕ್ಕದಲ್ಲಿ ಕೂತವರನ್ನು ಪರಿಚಯ ಮಾಡಿಕೊಳ್ಳಿ, ಕೂಸನ್ನು ಒಂದು ಗಳಿಗೆ ಎತ್ತಿಕೊಳ್ಳುವವರು ಬೇಕಾಗುತ್ತಾರೆ.

ಪೋರ್ಟ್ ಲೂಯಿಸ್‌ನಲ್ಲಿ ಹಳೆಯ ವಲಸೆ ಡಿಪೊ ಈಗ 'ಆಪ್ರವಾಸಿ ಘಾಟ್' ಎಂಬ ಸ್ಮಾರಕ. 2006ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ದೋಣಿಯಿಂದಿಳಿದವರು ಹತ್ತಿ ಬರುತ್ತಿದ್ದ ಕಲ್ಲಿನ ಹದಿನಾರು ಮೆಟ್ಟಿಲುಗಳು ಅಲ್ಲಿವೆ. ಮೋಕಾ ಎಂಬಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಬಂದವರ ದಾಖಲೆಪುಸ್ತಕಗಳಿವೆ, 1860ರ ದಶಕದ ನಂತರದವರ ಫೋಟೊಗಳೂ ಇವೆ. ಮರಿಮಕ್ಕಳು ಇಂದಿಗೂ ಅಲ್ಲಿಗೆ ಬಂದು ಹೆಸರು ಹುಡುಕುತ್ತಾರೆ.

ಮಾರಿಷಸ್ಸಿಗೆ ಹೋಗುವವರ ಪಟ್ಟಿಯಲ್ಲಿ ಕಡಲತೀರ, ಜಲಪಾತ, ಏಳು ಬಣ್ಣದ ಮಣ್ಣು ಎಲ್ಲ ಇರುತ್ತವೆ. ಇರಲಿ, ಮಕ್ಕಳಿಗೆ ಅವೇ ಇಷ್ಟ. ಅದರ ಕೆಳಗೆ ಈ ಮೆಟ್ಟಿಲುಗಳನ್ನೂ ಬರೆದುಕೊಳ್ಳಬಹುದು. ಅರ್ಧ ಗಂಟೆಯ ಕೆಲಸ. ಹದಿನಾರಷ್ಟೇ ಇರುವುದರಿಂದ ಎಣಿಸಲು ಕಲಿಯುತ್ತಿರುವ ಮಗುವೂ ತಪ್ಪಿಲ್ಲದೆ ಎಣಿಸಬಹುದು. ಅಷ್ಟು ಹೊತ್ತಿಗೆ ಬಿಸಿಲೇರಿರುತ್ತದೆ, ನೀರಿನ ಬಾಟಲಿ ಮರೆಯಬೇಡಿ.